ಕಂಪ್ಯೂಟರ್ ಡಿಗ್ರಿಗೆ ಮಕ್ಕಳನ್ನು ಕಳಿಸುವ ಮುನ್ನ... ಸಿಂಧನೂರು, ಲಿಂಗಸುಗೂರು, ಮಸ್ಕಿಯ ತಂದೆ-ತಾಯಿಗಳೇ, ಎಚ್ಚರ!

ಪಿಯುಸಿ ಫಲಿತಾಂಶ ಬಂದ ಮಾರನೇ ದಿನವೇ ನಮ್ಮ ಮೂರೂ ಊರುಗಳ ಗೋಡೆ-ಕಂಬಗಳ ಬಣ್ಣ ಬದಲಾಗುತ್ತದೆ. ಸಿಂಧನೂರಿನ ಗಾಂಧಿ ವೃತ್ತ, ಲಿಂಗಸುಗೂರಿನ ಗಡಿಯಾರ ಚೌಕ, ಮಸ್ಕಿಯ ಬಸ್ ನಿಲ್ದಾಣ... ಎಲ್ಲಿ ನೋಡಿದರೂ ಫ್ಲೆಕ್ಸು. ಟೈ ಕಟ್ಟಿದ ಹುಡುಗ, ಲ್ಯಾಪ್‌ಟಾಪ್ ಹಿಡಿದ ಹುಡುಗಿ, ಹಿಂದೆ ಗಾಜಿನ ಕಟ್ಟಡ. ಮೇಲೆ ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಕೆಳಗೆ ತೆಲುಗಿನಲ್ಲಿ ಎರಡು ಸಾಲು, ಮೊಬೈಲ್ ನಂಬರು. ಕನ್ನಡ? ಹುಡುಕಬೇಕು ಸ್ವಾಮಿ, ಭೂತಗನ್ನಡಿ ಹಿಡಿದು ಹುಡುಕಬೇಕು! ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಶಾಸನಸಭೆ ತಿದ್ದುಪಡಿ ಮಾಡಿತು. ಆ ಕಾನೂನು ತುಂಗಭದ್ರಾ ನದಿ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಸುಸ್ತಾಗಿರಬೇಕು.

ನಾನು ಮುದ್ರಣಾಲಯ ನಡೆಸುವವನು. ಇಂಥ ಹ್ಯಾಂಡ್‌ಬಿಲ್ಲುಗಳು ನನ್ನ ಯಂತ್ರದಡಿಯಲ್ಲೂ ಹಾದು ಹೋಗುತ್ತವೆ. 'ಶೇ. 100 ಪ್ಲೇಸ್‌ಮೆಂಟ್', 'ಅಂತರರಾಷ್ಟ್ರೀಯ ಮಟ್ಟದ ಕ್ಯಾಂಪಸ್', 'ಸೀಟು ಕೆಲವೇ ಉಳಿದಿವೆ' ಎಂದು ಹಾಕಿಸುವವರಿಗೆ ಈ ನೂರು ಎಲ್ಲಿಂದ ಬಂತು ಎಂದು ಕೇಳಿ ನೋಡಿದ್ದೇನೆ. 'ಹೆಡ್ ಆಫೀಸಿನವರು ಕಳಿಸಿದ್ದು, ಇದ್ದ ಹಾಗೇ ಹೊಡೀರಿ' ಎಂಬ ಉತ್ತರ ಬರುತ್ತದೆ. ಕನ್ನಡದಲ್ಲಿ ಮಾಡಿಸಿ ಅಂದರೆ 'ಕನ್ನಡದಾಗ ಹಾಕಿದ್ರ ಕಾಲೇಜು ಸಣ್ಣದು ಅನ್ಕೋತಾರ್ರಿ' ಅನ್ನುತ್ತಾರೆ. ಕೇಳಿದಿರಾ ಕನ್ನಡಿಗರೇ? ನಮ್ಮ ಭಾಷೆಯಲ್ಲಿ ಬರೆದರೆ ನಾವೇ ಸಣ್ಣದು ಅಂದುಕೊಳ್ಳುತ್ತೇವೆಂದು ನಮ್ಮ ಬಗ್ಗೆ ಅವರಿಗೆ ಅಷ್ಟು ಖಾತ್ರಿ! ನಾಚಿಕೆ ಅವರಿಗೆ ಆಗಬೇಕೋ, ನಮಗೆ ಆಗಬೇಕೋ?

ತಪ್ಪು ತಿಳಿಯಬೇಡಿ. ನಮ್ಮ ಕ್ಯಾಂಪುಗಳಲ್ಲಿರುವ ತೆಲುಗರ ಮೇಲೆ ಈ ಸಿಟ್ಟಲ್ಲ. ಎಡದಂಡೆ ಕಾಲುವೆಯ ನೀರಿನ ಜೊತೆಗೆ ಬಂದು ಇಲ್ಲಿನ ಮಣ್ಣಲ್ಲಿ ಬೆವರು ಸುರಿಸಿದವರು ಅವರು. ಅವರ ಮಕ್ಕಳು, ಬಂಗಾಲಿ ಕ್ಯಾಂಪಿನ ಮಕ್ಕಳು ಎಷ್ಟೋ ಜನ ನಮ್ಮ ಪೇಟೆಯ ಕಾನ್ವೆಂಟ್ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಬರೆಯುತ್ತಾರೆ. ಸಿಟ್ಟಿರುವುದು ನಮ್ಮ ಭತ್ತದ ದುಡ್ಡಿನ ವಾಸನೆ ಹಿಡಿದು ಬೆಂಗಳೂರು, ಹೈದರಾಬಾದಿನಿಂದ ಬರುವ ಸೀಟಿನ ದಲ್ಲಾಳಿಗಳ ಮೇಲೆ. ಮತ್ತು ನಮ್ಮದೇ ಬುದ್ಧಿಗೇಡಿತನದ ಮೇಲೆ!

ಒಬ್ಬ ರೈತ ಅಣ್ಣ ಮೊನ್ನೆ ಮಗಳ ಲಗ್ನಪತ್ರಿಕೆ ಹೊಡೆಸಲು ಬಂದವರು ಮಗನ ಸುದ್ದಿ ತೆಗೆದರು. 'ಹುಡುಗುಂದು ಬೆಂಗಳೂರಾಗ ಸೀಟು ಆಗೈತ್ರಿ. ಬರೇ ಕಾಲೇಜಲ್ಲ, ಯೂನಿವರ್ಸಿಟಿ!' ಯಾವ ಯೂನಿವರ್ಸಿಟಿ ಅಂದೆ. 'ಅದೇನೋ ಇಂಗ್ಲಿಷ್ ಹೆಸರೈತಿ. ಎಸಿ ಹಾಸ್ಟೆಲ್ ಐತಂತ.' ಹುಡುಗ ಸಿಇಟಿ ಬರೆದಿದ್ದಾನೆ, ರ್‍ಯಾಂಕೂ ತಕ್ಕಮಟ್ಟಿಗೆ ಬಂದಿದೆ. ಆದರೆ ದಾಖಲೆ ಪರಿಶೀಲನೆಗೂ ಹೋಗಿಲ್ಲ, ಆಯ್ಕೆ ಪಟ್ಟಿಯನ್ನೂ ತುಂಬಿಲ್ಲ. ಯಾಕೆ? ಏಜೆಂಟ ಹೇಳಿದನಂತೆ, 'ಸಿಇಟಿಯೊಳಗ ಏನೂ ಸಿಗಂಗಿಲ್ಲ, ಈಗಲೇ ಅಡ್ವಾನ್ಸ್ ಕಟ್ರಿ' ಅಂತ. ಕಟ್ಟಿದರು. ಎರಡು ಬೆಳೆಯ ದುಡ್ಡು ಹೋಯಿತು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀರು ಹೋಯಿತೆಂದು ಎದೆ ಎದೆ ಬಡಿದುಕೊಂಡ ಜನ ನಾವು. ಅದಕ್ಕಿಂತ ದೊಡ್ಡ ಗೇಟು ನಮ್ಮ ಮನೆಯಲ್ಲೇ ಪ್ರತಿ ಜೂನ್‌ನಲ್ಲಿ ಕೊಚ್ಚಿಹೋಗುತ್ತಿದೆಯಲ್ಲಾ, ಅದಕ್ಕೆ ಅಳುವವರು ಯಾರು?

ಆ ಅಣ್ಣನಿಗೆ ಕಲಂ 371 ಜೆ ಎಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಅದು ಯಾರೋ ದಿಲ್ಲಿಯಿಂದ ದಾನ ಕೊಟ್ಟಿದ್ದಲ್ಲ. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಬೀದಿಯಲ್ಲಿ ನಿಂತು ಹೋರಾಡಿದ್ದರಿಂದ 2012ರ ಕೊನೆಗೆ ಸಂಸತ್ತಿನಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಗಿ, 2013ರಲ್ಲಿ ಜಾರಿಗೆ ಬಂದದ್ದು. ಅದರ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70 ಸೀಟು ಇಲ್ಲಿಯ ಮಕ್ಕಳಿಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಸಂಸ್ಥೆಗಳಲ್ಲೂ ಶೇ. 8 ನಮ್ಮ ಮಕ್ಕಳಿಗೆ! ಅಂದರೆ ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಸಿಇಟಿ ಮೂಲಕ ಓದುವ ದಾರಿಯೂ ಈ ಕಲಂನಲ್ಲೇ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5ರ ಮೀಸಲಾತಿ ಬೇರೆ. ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15. ತುರ್ವಿಹಾಳದ ಆಚೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಗೆ ಈ ಮೂರೂ ಅನ್ವಯಿಸಬಹುದು. ಕನ್ನಡ ಶಾಲೆಗೆ ಕಳಿಸಿದ್ದಕ್ಕೆ ಎಲ್ಲರೂ ನಗುವಾಗ ಆ ತಾಯಿ ತಲೆ ತಗ್ಗಿಸಿದ್ದಳಲ್ಲಾ, ಸೀಟು ಹಂಚುವ ದಿನ ಅದೇ ಕನ್ನಡ ಆಕೆಯ ಮಗಳ ಕೈ ಹಿಡಿಯುತ್ತದೆ. ದಲ್ಲಾಳಿ ಇದನ್ನು ನಿಮಗೆ ಹೇಳುತ್ತಾನೆಯೇ? ಹೇಳಿದರೆ ಅವನ ಕಮಿಷನ್ ಎಲ್ಲಿಂದ ಬರಬೇಕು?

ಇನ್ನು 'ಯೂನಿವರ್ಸಿಟಿ' ಎಂಬ ಮಾಯಾ ಶಬ್ದದ ವಿಚಾರ. ಬೋರ್ಡಿನ ಮೇಲೆ ಒಂದೇ ಶಬ್ದ, ಒಳಗೆ ನಾಲ್ಕು ಬಗೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 1998ರಲ್ಲಿ ಹುಟ್ಟಿದ ಸರ್ಕಾರಿ ವಿಶ್ವವಿದ್ಯಾಲಯ. ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅದಕ್ಕೆ ಸೇರಿದ್ದು. ಪರೀಕ್ಷೆ ಅದರದು, ಪದವಿ ಪತ್ರ ಅದರದು. ಎರಡನೆಯದು ರಾಜ್ಯದ ಕಾನೂನಿನಡಿ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ. ತಾನೇ ಪಾಠ, ತಾನೇ ಪರೀಕ್ಷೆ, ತಾನೇ ಅಂಕ, ತಾನೇ ಡಿಗ್ರಿ! ಅಲ್ಲೂ ಶೇ. 40 ಸೀಟು ಸಿಇಟಿ ಮೂಲಕ ಸಿಗುತ್ತದೆ, ಅದನ್ನು ಬಿಟ್ಟು ನೇರ ದುಡ್ಡು ಕಟ್ಟಲು ಓಡುವವರೇ ನಮ್ಮಲ್ಲಿ ಹೆಚ್ಚು. ಮೂರನೆಯದು 'ಡೀಮ್ಡ್'. ಹಾಗೆಂದರೆ ವಿಶ್ವವಿದ್ಯಾಲಯವೆಂದು ಪರಿಗಣಿಸಲ್ಪಟ್ಟದ್ದು ಎಂದಷ್ಟೇ ಅರ್ಥ. ಇಂಥವರು ಹೆಸರಿನ ಮುಂದೆ ಬರೇ 'ಯೂನಿವರ್ಸಿಟಿ' ಎಂದು ಬರೆದುಕೊಳ್ಳಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೇ ಯುಜಿಸಿ ಆದೇಶ ಹೊರಡಿಸಬೇಕಾಯಿತು. ಅದೇ ತೀರ್ಪಿನಲ್ಲಿ, ಅಂಚೆ ಮೂಲಕ ಎಂಜಿನಿಯರಿಂಗ್ ಡಿಗ್ರಿ ಹಂಚಿದ ಡೀಮ್ಡ್ ಸಂಸ್ಥೆಗಳಿಗೂ ಕೋರ್ಟು ಛೀಮಾರಿ ಹಾಕಿತು. ನಾಲ್ಕನೆಯದು ಕೇಂದ್ರದ ಐಐಟಿ, ಎನ್‌ಐಟಿ, ಐಐಐಟಿಗಳು. ಅದರ ಕತೆ ದೊಡ್ಡದಿದೆ, ಆಮೇಲೆ ಹೇಳುತ್ತೇನೆ.

ಈ ನಾಲ್ಕರಾಚೆ ಐದನೆಯದೊಂದಿದೆ, ಅದರ ಹೆಸರು ಮೋಸ! ಛತ್ತೀಸ್‌ಗಢದಲ್ಲಿ 2002ರ ಕಾನೂನಿನಡಿ ನಾಯಿಕೊಡೆಗಳಂತೆ ಎದ್ದ 112 ಖಾಸಗಿ ವಿಶ್ವವಿದ್ಯಾಲಯಗಳನ್ನು ಸುಪ್ರೀಂ ಕೋರ್ಟು 2005ರಲ್ಲಿ ಒಂದೇ ಏಟಿಗೆ ರದ್ದು ಮಾಡಿತು. ಕೇಸು ಹಾಕಿದವರು ಪ್ರೊ. ಯಶಪಾಲ್, ದೇಶ ಕಂಡ ದೊಡ್ಡ ವಿಜ್ಞಾನಿ. ದೂರದ ಮಾತು ಬಿಡಿ, ನಮ್ಮ ರಾಜ್ಯದ್ದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಊರೂರಿಗೆ, ಹೊರರಾಜ್ಯಕ್ಕೆಲ್ಲ ಕೇಂದ್ರಗಳನ್ನು ಹಂಚಿ ತಾಂತ್ರಿಕ ಕೋರ್ಸು ನಡೆಸಿದ್ದರ ಫಲವಾಗಿ 2012-13ರ ನಂತರದ ಮಾನ್ಯತೆಯನ್ನೇ ಕಳೆದುಕೊಂಡಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಹಾಕಿಕೊಂಡ ವಿದ್ಯಾರ್ಥಿಗಳು ಅಂಕಪಟ್ಟಿ ಹಿಡಿದು ವರ್ಷಗಟ್ಟಲೆ ಅಲೆದರು. ಸರ್ಕಾರಿ ಮುದ್ರೆ ಇದ್ದದ್ದಕ್ಕೇ ಈ ಗತಿಯಾದರೆ, ಯಾವುದೋ ರಾಜ್ಯದ ಹೆಸರು ಕೇಳದ ವಿಶ್ವವಿದ್ಯಾಲಯದ 'ಸ್ಟಡಿ ಸೆಂಟರ್' ಬೋರ್ಡು ನಮ್ಮೂರಿನ ಮಹಡಿ ಮೇಲೆ ಕಂಡಾಗ ಏನು ಮಾಡಬೇಕು? ಅಲ್ಲಿಂದ ದೂರ ಓಡಬೇಕು!

ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ? ನಾನು ಪಿಯುಸಿ ಓದಿದವನು, ನನಗಿಂತ ತಿಳಿದವರು ಹೇಳಿದ್ದನ್ನು ಹೇಳುತ್ತೇನೆ. ಎಐಸಿಟಿಇ ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿ. ಕಾಲೇಜಿಗೆಲ್ಲ ಸೇರಿ ಕೊಡುವ ನ್ಯಾಕ್ ದರ್ಜೆಯ ಫ್ಲೆಕ್ಸಿಗೆ ಮರುಳಾಗಬೇಡಿ. ನೀವು ಸೇರಬೇಕೆಂದಿರುವ ಕಂಪ್ಯೂಟರ್ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಕೇಳಿ, ಏಕೆಂದರೆ ಅದು ವಿಭಾಗವಾರು ಸಿಗುವುದು, ಅವಧಿ ಮುಗಿದರೆ ಮತ್ತೆ ಪಡೆಯಬೇಕಾದದ್ದು. ಪ್ಲೇಸ್‌ಮೆಂಟ್ ಎಂದಾಗ ಹಿಂದಿನ ವರ್ಷ ಆ ವಿಭಾಗದಿಂದ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೈಯಲ್ಲಿ ಆದೇಶ ಬಂತು, ಎಷ್ಟು ಜನ ನಿಜವಾಗಿ ಕೆಲಸಕ್ಕೆ ಹೋದರು... ಈ ಮೂರು ಸಂಖ್ಯೆ ಕೇಳಿ. ಆಫರ್ ಕೊಟ್ಟು ತಿಂಗಳುಗಟ್ಟಲೆ ಕರೆಯದ ಕಂಪನಿಗಳಿವೆ. ಒಬ್ಬನಿಗೆ ಸಿಕ್ಕ ನಾಲ್ಕು ಆಫರನ್ನು ನಾಲ್ಕು ಜನರೆಂದು ಎಣಿಸುವ ಜಾಣರೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯ, ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಕುಳಿತಿರುವ ಕೊನೆಯ ವರ್ಷದ ಹುಡುಗರನ್ನು ಮಾತಾಡಿಸಿ. ಆಫೀಸಿನ ಸೋಫಾದ ಮೇಲೆ ಸಿಗದ ಸತ್ಯ ಅಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದೆ. 2024ರಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ಬ್ಲಾಕ್ ಮಾಡಿ ಕಡೆಗೆ ಮ್ಯಾನೇಜ್‌ಮೆಂಟ್ ಪಾಲಾಗಿಸುವ ದಂಧೆಯ ಬಗ್ಗೆ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟು, ಜನ ಜೈಲಿಗೆ ಹೋದದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಅದೂ ಹೆಚ್ಚಾಗಿ ಯಾವ ಸೀಟು? ಇದೇ ಕಂಪ್ಯೂಟರ್ ಸೀಟು!

ದುಡ್ಡಿನ ಅನುಕೂಲ ಇಲ್ಲದವರು ಬಿಸಿಎ, ಬಿಎಸ್ಸಿಯನ್ನು ಕೀಳೆಂದು ನೋಡಬೇಡಿ. ನಮ್ಮ ಊರುಗಳ ಪದವಿ ಕಾಲೇಜುಗಳು ಈಗ ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಯರಗೇರಾದಲ್ಲಿ ನೆಲೆ ನಿಂತ ಇದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದಿಟ್ಟರು, ಸಂತೋಷ. ಮೇಷ್ಟ್ರುಗಳನ್ನೂ ಅಷ್ಟೇ ದೊಡ್ಡ ಮನಸ್ಸಿನಿಂದ ಕೊಡಿ ಸ್ವಾಮಿ! ಅತಿಥಿ ಉಪನ್ಯಾಸಕರ ಮೇಲೆ ಎಷ್ಟು ವರ್ಷ ವಿಶ್ವವಿದ್ಯಾಲಯ ನಡೆಸುತ್ತೀರಿ?

ಈಗ ದೊಡ್ಡ ಕತೆಗೆ ಬರುತ್ತೇನೆ.

ರಾಯಚೂರಿಗೆ ಐಐಟಿ ಕೊಡಬೇಕೆಂದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲೇ ಹೇಳಿತ್ತು. ಹಿಂದುಳಿದ ತಾಲ್ಲೂಕುಗಳ ಲೆಕ್ಕ ಹಾಕಿ, ಅಳೆದು ತೂಗಿ ಹೇಳಿದ ಮಾತು ಅದು. ಐಐಟಿ ಬಂತು, 2016ರಲ್ಲಿ... ಧಾರವಾಡಕ್ಕೆ! ಧಾರವಾಡದ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಲ್ಲಿ ಅದಾಗಲೇ ವಿಶ್ವವಿದ್ಯಾಲಯ ಇತ್ತು, ಕೃಷಿ ವಿಶ್ವವಿದ್ಯಾಲಯ ಇತ್ತು, 2015ರಲ್ಲಿ ಐಐಐಟಿಯೂ ಬಂದಿತ್ತು. ಉಂಡವನ ಎಲೆಗೆ ಮತ್ತೆ ಹೋಳಿಗೆ, ಹಸಿದವನಿಗೆ ನೀರು! ಗದ್ದಲವಾದ ಮೇಲೆ ಸಮಾಧಾನಕ್ಕೆ ರಾಯಚೂರಿಗೆ ಒಂದು ಐಐಐಟಿ ಕೊಟ್ಟರು. 2019ರಲ್ಲಿ ಅದು ಶುರುವಾದದ್ದೆಲ್ಲಿ? ರಾಯಚೂರಿನಲ್ಲಲ್ಲ, ತೆಲಂಗಾಣದಲ್ಲಿರುವ ಹೈದರಾಬಾದ್ ಐಐಟಿಯ ಆವರಣದಲ್ಲಿ. ನಮ್ಮ ಹೆಸರಿನ ಕೂಸು, ಬೇರೆಯವರ ಮನೆಯ ತೊಟ್ಟಿಲು. ಆಮೇಲೆ ರಾಯಚೂರಿನ ತಾತ್ಕಾಲಿಕ ಕಟ್ಟಡಕ್ಕೆ ಬಂತು. 2020ರ ಕಾನೂನಿನಿಂದ 'ರಾಷ್ಟ್ರೀಯ ಮಹತ್ವದ ಸಂಸ್ಥೆ' ಎಂಬ ಕಿರೀಟವೂ ಬಂತು.

ಸರಿ, ಬಂತಲ್ಲ, ಇನ್ನೇನು ಎನ್ನುತ್ತೀರಾ? ಕೇಳಿ. ಇಂಥ ಐಐಐಟಿಗಳನ್ನು ಕಟ್ಟುವ ಲೆಕ್ಕ ಹೀಗಿದೆ: ಕೇಂದ್ರದ್ದು ಶೇ. 50, ರಾಜ್ಯದ್ದು ಶೇ. 35, ಕೈಗಾರಿಕೆಗಳದ್ದು ಶೇ. 15. ಜಮೀನು ರಾಜ್ಯವೇ ಕೊಡಬೇಕು. ನೂರಕ್ಕೆ ಮೂವತ್ತೈದು ರೂಪಾಯಿ ಕನ್ನಡಿಗನ ತೆರಿಗೆಯ ದುಡ್ಡು, ನೆಲ ಕನ್ನಡಿಗನದು. ಸೀಟು? ಅಖಿಲ ಭಾರತ ರ್‍ಯಾಂಕಿನ ಮೇಲೆ ದೇಶಕ್ಕೆಲ್ಲ! ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದ ಮಕ್ಕಳಿಗೆ ಮೀಸಲು. ರಾಯಚೂರಿನ ಐಐಐಟಿಯಲ್ಲಿ ಕರ್ನಾಟಕಕ್ಕೆಂದು ಒಂದು ಸೀಟೂ ಇಲ್ಲ, ರಾಯಚೂರು ಜಿಲ್ಲೆಗೆಂದು ಕೇಳುವುದೇ ಬೇಡ. 371 ಜೆ ಕೂಡ ಕೇಂದ್ರದ ಸಂಸ್ಥೆಯ ಬಾಗಿಲಲ್ಲಿ ನಿಂತು ವಾಪಸು ಬರುತ್ತದೆ. ಹಟ್ಟಿಯ ಚಿನ್ನ ಹೋದ ದಾರಿಯಲ್ಲೇ, ಶಕ್ತಿನಗರದ ಕರೆಂಟು ಹೋದ ದಾರಿಯಲ್ಲೇ ಇದೂ ಹೋಯಿತು. ಬೂದಿ ನಮಗೆ, ಬೆಳಕು ಊರಿಗೆಲ್ಲ!

ಎನ್‌ಐಟಿಯಲ್ಲಿ ತವರು ರಾಜ್ಯಕ್ಕೆ ಅರ್ಧ ಪಾಲು ಸರಿ ಎನ್ನುವವರು ಐಐಐಟಿಯಲ್ಲಿ ತಪ್ಪು ಎನ್ನುವುದು ಯಾವ ನ್ಯಾಯ? ಅದೂ ರಾಜ್ಯವೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಣ ಹಾಕುವ ಕಡೆ! ನಮ್ಮ ಸಂಸದರು, ನಮ್ಮ ಶಾಸಕರು, ಪಕ್ಷ ಯಾವುದೇ ಇರಲಿ, ಇದೊಂದು ಪ್ರಶ್ನೆಯನ್ನು ಲೋಕಸಭೆಯಲ್ಲಿ, ವಿಧಾನಸೌಧದಲ್ಲಿ ಎತ್ತಬೇಕು. ಏಮ್ಸ್‌ಗಾಗಿ 2022ರಿಂದ ರಾಯಚೂರಿನಲ್ಲಿ ಜನ ಧರಣಿ ಕೂತರು, ಸಾವಿರ ದಿನ ದಾಟಿತು. ಸಾವಿರ ದಿನ! ಕೇಳುವ ಕಿವಿ ಇದ್ದಿದ್ದರೆ ಹತ್ತು ದಿನ ಸಾಕಿತ್ತು. ಗಿಣಿಗೇರಾ-ಮಹಬೂಬನಗರ ರೈಲು ಮಾರ್ಗ ಮಂಜೂರಾದದ್ದು ತೊಂಬತ್ತರ ದಶಕದಲ್ಲಿ, ಸಿಂಧನೂರಿನಲ್ಲಿ ರೈಲಿನ ಸೀಟಿ ಕೇಳಿದ್ದು 2024ರ ಮಾರ್ಚಿನಲ್ಲಿ. ಇವರ ಗಡಿಯಾರದಲ್ಲಿ ನಮಗೆ ಮಾತ್ರ ಮುಳ್ಳು ಹಿಂದಕ್ಕೆ ತಿರುಗುತ್ತದೆ.

ಆದರೂ ಒಂದು ಕಿಟಕಿ ತೆರೆದಿದೆ. ಈ ಐಐಐಟಿಗಳಿಗೆ ಸೇರಲು ಬರೆಯಬೇಕಾದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಈ ಸಂಗತಿ ನಮ್ಮ ಎಷ್ಟು ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿದೆ? ಐಐಟಿಗೆ ಹೋಗುವ ಅಡ್ವಾನ್ಸ್ಡ್ ಪರೀಕ್ಷೆ ಮಾತ್ರ ಈಗಲೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿಯವನ ಮಗ ತನ್ನ ತಾಯ್ನುಡಿಯಲ್ಲಿ ಬರೆದು ಐಐಟಿಗೆ ಹೋಗಬಹುದು, ಮಸ್ಕಿಯ ಹುಡುಗ ಹೋಗುವಂತಿಲ್ಲ. ಇದಕ್ಕೆ ರಾಷ್ಟ್ರೀಯ ಏಕತೆ ಎಂದು ಹೆಸರು!

ಒಳಗೆ ಹೋದ ಮೇಲಿನ ಕತೆಯೂ ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಯಾಕೆ ಮುಗ್ಗರಿಸುತ್ತಾನೆ? ಲೆಕ್ಕ ಬರುವುದಿಲ್ಲ ಎಂದಲ್ಲ, ಲೆಕ್ಕ ಕೇಳಿದ ಭಾಷೆ ತಲೆಗೆ ಹತ್ತುವುದಿಲ್ಲ. ವಿಟಿಯುದಲ್ಲಿ ಕನ್ನಡ ಇದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಎಷ್ಟಿದೆ? 2022ರ ಪಠ್ಯಕ್ರಮದಲ್ಲಿ ಪದವಿಗೆ ಒಟ್ಟು 160 ಕ್ರೆಡಿಟ್, ಅದರಲ್ಲಿ 'ಸಾಂಸ್ಕೃತಿಕ ಕನ್ನಡ' ಅಥವಾ ಕನ್ನಡ ಬಾರದವರಿಗೆ 'ಬಳಕೆ ಕನ್ನಡ' ಒಂದು ಕ್ರೆಡಿಟ್. ನೂರಾ ಅರವತ್ತರಲ್ಲಿ ಒಂದು! ಉಪ್ಪಿನಕಾಯಿಯೂ ಇದಕ್ಕಿಂತ ಜಾಸ್ತಿ ಬಡಿಸುತ್ತಾರೆ.

2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿತು, ಅದರಲ್ಲಿ ಕನ್ನಡವೂ ಇತ್ತು. ನಮ್ಮ ಕಲ್ಯಾಣ ಕರ್ನಾಟಕದ್ದೇ ಭಾಲ್ಕಿಯ ಕಾಲೇಜೊಂದು ಮುಂದೆ ಬಂತು. ಮಕ್ಕಳು ಬಂದದ್ದು ಬೆರಳೆಣಿಕೆ. 'ನೋಡಿದಿರಾ, ಕನ್ನಡಕ್ಕೆ ಬೇಡಿಕೆ ಇಲ್ಲ' ಎಂದು ಇಂಗ್ಲಿಷ್ ಪಂಡಿತರು ನಕ್ಕರು. ಯಾಕೆ ಬರುತ್ತಾರೆ? ಕನ್ನಡದಲ್ಲಿ ಓದಿದರೆ ಕೆಲಸ ಕೊಡುತ್ತೇವೆಂದು ಒಂದಾದರೂ ಕಂಪನಿ ಹೇಳಿತೇ? ಒಂದಾದರೂ ಸರ್ಕಾರಿ ಇಲಾಖೆ ಹೇಳಿತೇ? ಬಾವಿ ತೋಡಿ ಹಗ್ಗ ಕೊಡದೆ, ನೀರು ಸೇದಲು ಯಾರೂ ಬರಲಿಲ್ಲ ಅಂದ ಹಾಗೆ! ಎಐಸಿಟಿಇಯವರು ಎಂಜಿನಿಯರಿಂಗ್ ಪುಸ್ತಕಗಳನ್ನು ಕನ್ನಡಕ್ಕೂ ಮಾಡಿಸಿ 'ಇ-ಕುಂಭ' ಎಂಬ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಇಂಗ್ಲಿಷ್ ತರಗತಿಯಲ್ಲಿ ಕುಳಿತ ಹುಡುಗನಿಗೂ ಪಕ್ಕದಲ್ಲಿ ಆ ಪುಸ್ತಕ ಇದ್ದರೆ ಅರ್ಧ ಕತ್ತಲೆ ಕಳೆಯುತ್ತದೆ. ಅವನ್ನು ಮುದ್ರಿಸಿ ಪ್ರತಿ ಕಾಲೇಜಿನ ಲೈಬ್ರರಿಯಲ್ಲಿ ಇಡಲು ವಿಟಿಯುಗೆ ಎಷ್ಟು ಖರ್ಚು? ನನ್ನಂಥ ಸಣ್ಣ ಮುದ್ರಕನನ್ನು ಕೇಳಿ, ಒಂದು ಘಟಿಕೋತ್ಸವದ ಚಪ್ಪರದ ಖರ್ಚಿಗಿಂತ ಹೆಚ್ಚಾಗದಂತೆ ಲೆಕ್ಕ ಹಾಕಿ ಕೊಡುತ್ತೇನೆ.

'ತಾಂತ್ರಿಕ ವಿದ್ಯೆ ದೇಶಭಾಷೆಯಲ್ಲಿ ಸಾಧ್ಯವೇ ಇಲ್ಲ' ಎನ್ನುವವರಿಗೆ ಜಪಾನು, ಕೊರಿಯಾ ತೋರಿಸಬೇಕಾಗಿಲ್ಲ. ನಮ್ಮ ಅಜ್ಜಂದಿರನ್ನು ಆಳಿದ ನಿಜಾಮನನ್ನೇ ತೋರಿಸುತ್ತೇನೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಸಹ ಉರ್ದುವಿನಲ್ಲಿ ಕಲಿಸಿದರು. ಅದಕ್ಕೆಂದೇ ಅನುವಾದ ಇಲಾಖೆ ತೆರೆದು, ಪಾರಿಭಾಷಿಕ ಶಬ್ದ ಕಟ್ಟಿ, ಪುಸ್ತಕ ಅಚ್ಚು ಹಾಕಿಸಿದರು. ನೂರು ವರ್ಷದ ಹಿಂದೆ, ಮೊಳೆ ಜೋಡಿಸುವ ಕಾಲದಲ್ಲಿ! ಆ ಉರ್ದು ನಮ್ಮ ಹಿರಿಯರ ಮೇಲೆ ಹೇರಿದ್ದಾಗಿತ್ತು, ರಾಯಚೂರು ಜಿಲ್ಲೆಯಲ್ಲಿ ಕನ್ನಡ ಶಾಲೆಗಾಗಿ ಜನ ಕಷ್ಟಪಟ್ಟರು, ಅದು ಬೇರೆ ಮಾತು. ಆದರೆ ಮನಸ್ಸು ಮಾಡಿದ ರಾಜ್ಯಕ್ಕೆ ಸಾಧ್ಯ ಎನ್ನುವುದಂತೂ ಸಾಬೀತಾಯಿತಲ್ಲ? 1948ರಲ್ಲಿ ನಿಜಾಮನಿಂದ ಬಿಡುಗಡೆ, 1956ರಲ್ಲಿ ಕನ್ನಡ ನಾಡಿಗೆ ಸೇರ್ಪಡೆ. ಉರ್ದು ಹೋದ ಜಾಗಕ್ಕೆ ಕನ್ನಡ ಬರಬೇಕಿತ್ತು, ಇಂಗ್ಲಿಷ್ ಬಂದು ಕಾಲು ಚಾಚಿ ಕೂತಿತು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮಸ್ಕಿಯ ಬೆಟ್ಟ ಹತ್ತಿ. 1915ರಲ್ಲಿ ಬೆಳಕಿಗೆ ಬಂದ ಬಂಡೆಯ ಮೇಲೆ ಅಶೋಕ ತನ್ನ ಹೆಸರಿನೊಂದಿಗೆ ಬರೆಸಿದ್ದು ಪಂಡಿತರ ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ. ಕನ್ನಡದಲ್ಲಿ ಬರೆಸಲಿಲ್ಲ ಎಂಬ ದೂರು ನನಗೆ ಆ ಚಕ್ರವರ್ತಿಯ ಮೇಲೂ ಇದೆ, ಇರಲಿ.

ಕೊನೆಗೆ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಐಟಿ ಡಿಗ್ರಿ ಎಂದರೆ ಅಮೆರಿಕದ ಬ್ಯಾಂಕಿನ ಲೆಕ್ಕ ಬರೆಯುವುದು ಎಂದೇ ನಮ್ಮ ಮಕ್ಕಳ ತಲೆಗೆ ತುಂಬಿದ್ದಾರೆ. ನನ್ನ ಅಂಗಡಿಗೆ ಬಂದು ನೋಡಿ, ಕನ್ನಡಕ್ಕೆ ಎಷ್ಟು ಐಟಿ ಕೆಲಸ ಬಾಕಿ ಇದೆಯೆಂದು! ನುಡಿಯ ಹಳೆಯ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ. ಗಿರಾಕಿ ಮೊಬೈಲಿನಲ್ಲಿ ಯುನಿಕೋಡ್ ಕನ್ನಡದಲ್ಲಿ ಕಳಿಸಿದ್ದು ನಮ್ಮ ಪೇಜ್‌ಮೇಕರ್‌ಗೆ ಅರ್ಥವಾಗುವುದಿಲ್ಲ. ಪರಿವರ್ತಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಮದುಮಗನ ಹೆಸರೇ ತಪ್ಪಾಗಿ ಬೈಸಿಕೊಂಡ ಮುದ್ರಕರು ನಮ್ಮ ಭಾಗದಲ್ಲಿ ಎಷ್ಟಿಲ್ಲ! ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಯಲು ಹೋದರೆ ಪ್ರತಿ ಸಾಲಿಗೂ ಕೈ ಹಾಕಿ ತಿದ್ದಬೇಕು.

ಇದನ್ನು ಸರಿಪಡಿಸುವವರು ಕ್ಯಾಲಿಫೋರ್ನಿಯಾದಿಂದ ಬರಬೇಕೇ? ಕನ್ನಡ ಕೀಲಿಮಣೆಯ ವಿನ್ಯಾಸ ಕಟ್ಟಿಕೊಟ್ಟ ಕೆ.ಪಿ. ರಾವ್ ಕನ್ನಡಿಗರು. 'ಬರಹ' ತಂತ್ರಾಂಶ ಮಾಡಿದ ಶೇಷಾದ್ರಿವಾಸು ಕನ್ನಡಿಗರು. 'ನುಡಿ' ಕೊಟ್ಟದ್ದು ಕನ್ನಡ ಗಣಕ ಪರಿಷತ್ತು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು, ಅದೂ ಕನ್ನಡದಲ್ಲಿ. ನಮ್ಮ ರೈತ ಇಂದು ಕೈಯಲ್ಲಿ ಹಿಡಿಯುವ ಪಹಣಿ ಐಟಿಯ ಕೂಸಲ್ಲವೇ? ಇಂಥ ಕೆಲಸ ಕಲಿಸುವ ಒಂದು ಪೂರ್ತಿ ವಿಷಯ, ಕನ್ನಡ ಗಣಕ ಎಂದು, ವಿಟಿಯು ಪಠ್ಯದಲ್ಲಿ ಯಾಕೆ ಕಡ್ಡಾಯವಾಗಬಾರದು? ಕನ್ನಡ ನೆಲದ ಐಐಐಟಿಯಲ್ಲಿ ಇದಕ್ಕೊಂದು ವಿಭಾಗ ಯಾಕೆ ಇರಬಾರದು? ಕಾಲೇಜು ನೋಡಲು ಹೋದಾಗ ತಂದೆ-ತಾಯಿಗಳು ಈ ಪ್ರಶ್ನೆಯನ್ನೂ ಕೇಳಿ. ನೂರು ಜನ ಕೇಳಿದರೆ ನೂರ ಒಂದನೆಯವರಿಗೆ ಅವರು ಉತ್ತರ ತಯಾರು ಮಾಡಿಕೊಳ್ಳಲೇಬೇಕಾಗುತ್ತದೆ.

ಕೆಲಸದ ಮಾತೂ ಹೇಳಿಬಿಡುತ್ತೇನೆ. ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಮೂವತ್ತೆಂಟು ವರ್ಷ ಕಳೆದ ಮೇಲೆ, 2024ರ ಜುಲೈನಲ್ಲಿ, ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಐಟಿ ದೊರೆಗಳು 'ಊರು ಬಿಡುತ್ತೇವೆ' ಎಂದು ಗುಡುಗಿದರು. ಮೂರು ದಿನ ಆಗುವುದರೊಳಗೆ ಮಸೂದೆ ಕಪಾಟು ಸೇರಿತು! ಕನ್ನಡಿಗನ ಸಾವಿರ ದಿನದ ಧರಣಿಗೆ ಕೇಳದ ಕಿವಿಗೆ ಕಂಪನಿಯವರ ಒಂದು ದಿನದ ಗುಡುಗು ಎಷ್ಟು ಚೆನ್ನಾಗಿ ಕೇಳುತ್ತದೆ ನೋಡಿ. ಅದೇ ಕಂಪನಿಗಳಲ್ಲಿ ಕೆಲಸ ಸಿಗುತ್ತದೆಂದು ನಾವು ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುತ್ತಿದ್ದೇವೆ.

ಈ ಸಲ ಸಿಇಟಿ ಬರೆದ ಮಕ್ಕಳಿರುವ ಮನೆಯವರು ಮೊದಲು ಮಾಡಬೇಕಾದ್ದು ಇಷ್ಟು. ಏಜೆಂಟನಿಗೆ ಅಡ್ವಾನ್ಸ್ ಕೊಡಬೇಡಿ. 371 ಜೆ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿಗಳು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನವರಿಗೆ ಅದು ಲಿಂಗಸುಗೂರಿನ ಎಸಿ ಆಫೀಸು. ಕೊನೆಯ ವಾರದವರೆಗೆ ಕಾಯಬೇಡಿ, ಆಗ ಅಲ್ಲಿ ಜಾತ್ರೆ. ಹಳ್ಳಿ ಶಾಲೆ, ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಗಳನ್ನು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಶಾಲೆ ಬದಲಾಗಿದ್ದರೆ ಎರಡೂ ಶಾಲೆಯಿಂದ ಬೇಕು. ಅರ್ಜಿಯ ನಮೂನೆಗಳನ್ನು ಅಚ್ಚು ಹಾಕಿ ಅಂಗಡಿಯಲ್ಲಿ ಕಟ್ಟು ಕಟ್ಟಿ ಇಟ್ಟಿದ್ದೇನೆ. ಸಂಘದ ಹುಡುಗರು ಸಂಜೆ ಆರರ ಮೇಲೆ ಕುಳಿತು ತುಂಬಿಕೊಡುತ್ತಾರೆ. ನಮೂನೆಗೂ ದುಡ್ಡಿಲ್ಲ, ಝೆರಾಕ್ಸಿಗೂ ದುಡ್ಡಿಲ್ಲ. ಮಗನ ಹತ್ತನೇ ತರಗತಿ ಅಂಕಪಟ್ಟಿ, ಟಿಸಿ ಮತ್ತು ರೇಷನ್ ಕಾರ್ಡು ತನ್ನಿ.